ಕಾಣದೆ ಹೋದ ನವೆಂಬರ್ ಮಳೆ

ಕೇಳುಗರಿಗೆ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಕೊಡಗಿನ ನಾಪೋಕ್ಲು ಕಡೆಯ ಒಂದು ಸಭಾಂಗಣದಲ್ಲಿ ಕಾಫಿ ಬೆಳೆಗಾರರ ಸಭೆ ಸೇರಿತ್ತು. ಹಿರಿಯ ಬೆಳೆಗಾರರೊಬ್ಬರು ತಮ್ಮ ತೋಟದ ಹತ್ತು ವರ್ಷಗಳ ಮಳೆಯ ಲೆಕ್ಕವನ್ನು, ನಮ್ಮವರ ರೂಢಿಯಂತೆ ಇಂಚು ಮತ್ತು ಇಂಚಿನ ನೂರನೇ ಒಂದು ಭಾಗವಾದ ಸೆಂಟುಗಳಲ್ಲಿಯೇ, ತಿಂಗಳಿಗೊಂದು ಕಾಲಂ ಮಾಡಿ ಲ್ಯಾಪ್‌ಟಾಪಿನಲ್ಲಿ ಬರೆದು ತಂದಿದ್ದರು. ಪ್ರೊಜೆಕ್ಟರ್ ಹೊತ್ತಿಕೊಂಡಾಗ ಪರದೆಯ ಮೇಲೆ ಜನವರಿಯಿಂದ ಅಕ್ಟೋಬರ್‌ವರೆಗಿನ ಲೆಕ್ಕ ಕಂಡಿತು. ನವೆಂಬರ್ ಅರ್ಧಕ್ಕೆ ಕತ್ತರಿಸಿಹೋಗಿತ್ತು. ಡಿಸೆಂಬರ್ ಮತ್ತು ಒಟ್ಟು ಮೊತ್ತ ಕಾಣಲೇ ಇಲ್ಲ. ಅರೇಬಿಕಾ ಹಣ್ಣು ಕೊಯ್ಲಿಗೆ ಬಂದು ಕಣದಲ್ಲಿ ಒಣಗಬೇಕಾದ ತಿಂಗಳಿನ ಮಳೆಯೇ ಸೇರಿದ್ದವರಿಗೆ ಮುಖ್ಯವಾಗಿ ಬೇಕಾಗಿತ್ತು. ಯಾರೋ ಪ್ರೊಜೆಕ್ಟರಿನ ಮೇಜನ್ನು ಎರಡು ಅಡಿ ಹಿಂದಕ್ಕೆ ಎಳೆದರು. ಅಕ್ಟೋಬರ್ ದೊಡ್ಡದಾಯಿತೇ ಹೊರತು ನವೆಂಬರ್ ಬರಲಿಲ್ಲ. ಆಮೇಲೆ, "ಮಾಷ್ಟ್ರೇ, ಸ್ವಲ್ಪ ಬಂದು ನೋಡಿ" ಎಂದು ನನ್ನನ್ನು ಕರೆದರು. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವನಿಗೆ ತಂತಿಯಿರುವ ವಸ್ತುಗಳೆಲ್ಲವೂ ಗೊತ್ತಿರುತ್ತವೆ ಎಂಬುದು ಊರಿನವರ ನಂಬಿಕೆ.

ಅಂದು ಕೆಟ್ಟದ್ದು ಯಾವ ಯಂತ್ರವೂ ಅಲ್ಲ, ಎರಡು ಯಂತ್ರಗಳ ನಡುವಿನ ಅಳತೆಯ ಹೊಂದಾಣಿಕೆ. ಲ್ಯಾಪ್‌ಟಾಪಿನ ಪರದೆಯಾಗಲಿ ಪ್ರೊಜೆಕ್ಟರಿನ ಒಳಗಿನ ಚಿತ್ರದ ಹಲಗೆಯಾಗಲಿ ಸಣ್ಣ ಸಣ್ಣ ಚುಕ್ಕಿಗಳಿಂದ ಆದದ್ದು. ಅಡ್ಡಕ್ಕೆ ಎಷ್ಟು ಚುಕ್ಕಿ, ಮೇಲಿನಿಂದ ಕೆಳಕ್ಕೆ ಎಷ್ಟು ಚುಕ್ಕಿ ಎಂಬ ಲೆಕ್ಕವನ್ನೇ ರೆಸಲ್ಯೂಷನ್ ಎನ್ನುತ್ತೇವೆ. ಆ ಬೆಳೆಗಾರರ ಲ್ಯಾಪ್‌ಟಾಪಿನಲ್ಲಿ ಅಡ್ಡಕ್ಕೆ 1366, ಕೆಳಕ್ಕೆ 768 ಚುಕ್ಕಿಗಳಿದ್ದವು. ಪ್ರೊಜೆಕ್ಟರ್ ಹಳೆಯದು, ಅದರಲ್ಲಿ ಅಡ್ಡಕ್ಕೆ 1024, ಕೆಳಕ್ಕೆ 768. ಎರಡರಲ್ಲಿಯೂ 768 ಇರುವುದನ್ನು ಕೇಳುಗರು ಗಮನಿಸಬೇಕು, ಏಕೆಂದರೆ ತೊಡಕು ಹುಟ್ಟಿದ್ದು ಅಲ್ಲಿಯೇ.

ಅವೆರಡನ್ನೂ ಜೋಡಿಸಿದ್ದು ನೀಲಿ ತಲೆಯ, ಹದಿನೈದು ಪಿನ್ನುಗಳ ವಿಜಿಎ ಕೇಬಲ್. ಐಬಿಎಂ ಕಂಪನಿ 1987ರಲ್ಲಿ ತಂದ ಈ ಜೋಡಣೆ ನಮ್ಮ ಶಾಲೆಗಳಲ್ಲಿಯೂ ಸಭಾಂಗಣಗಳಲ್ಲಿಯೂ ಇನ್ನೂ ಉಳಿದುಕೊಂಡಿದೆ. ಇದರಲ್ಲಿ ಚಿತ್ರವು ಏರಿಳಿಯುವ ವಿದ್ಯುತ್ತಾಗಿ, ಗೆರೆಯ ಹಿಂದೆ ಗೆರೆಯಾಗಿ ಹರಿದು ಬರುತ್ತದೆ. ಒಂದು ಗೆರೆಯಲ್ಲಿ ಎಷ್ಟು ಚುಕ್ಕಿಗಳಿವೆ ಎಂಬುದನ್ನು ಆ ಹರಿವು ಹೇಳುವುದಿಲ್ಲ. ಗೆರೆಗಳ ಎಣಿಕೆಯನ್ನೂ ಅವು ಬರುವ ವೇಗವನ್ನೂ ನೋಡಿ ಪ್ರೊಜೆಕ್ಟರೇ ಊಹಿಸಿಕೊಳ್ಳಬೇಕು. 768 ಗೆರೆಗಳು ಬಂದಾಗ, ತನ್ನ ಕಾಲದಲ್ಲಿ ಅಗಲ ಪರದೆಯನ್ನು ಕಾಣದ ಆ ಹಳೆಯ ಯಂತ್ರ, ಇದು 1024ರದ್ದೇ ಇರಬೇಕು ಎಂದು ಎಣಿಸಿತು. ಹೀಗೆ ಎಣಿಸಿದಾಗ ಚಿತ್ರ ಅಗಲದಲ್ಲಿ ಹಿಸುಕಿದಂತಾಗಬಹುದು, ಅಕ್ಷರ ಮಸುಕಾಗಬಹುದು, ಇಲ್ಲವೇ ನಮಗಾದಂತೆ ಒಂದು ಬದಿ ಹೊರಗೆ ಉಳಿಯಬಹುದು. ಕೆಲವು ಪ್ರೊಜೆಕ್ಟರುಗಳ ಮೆನುವಿನಲ್ಲಿ, ಒಳಬರುವ ಚಿತ್ರ ಅಗಲದ್ದೇ, ಸಾಮಾನ್ಯದ್ದೇ ಎಂದು ನಾವೇ ಹೇಳಿಕೊಡುವ ಅವಕಾಶವಿರುತ್ತದೆ. ಇದ್ದರೆ ಮೊದಲು ಅದನ್ನು ನೋಡಬಹುದು. ಆ ಯಂತ್ರದಲ್ಲಿ ಇರಲಿಲ್ಲ, ಹಾಗಾಗಿ ಲ್ಯಾಪ್‌ಟಾಪೇ ಬಗ್ಗಬೇಕಾಯಿತು.

ಬಗ್ಗಿಸುವ ಮೊದಲು ಪ್ರೊಜೆಕ್ಟರಿನ ಸ್ವಂತ ರೆಸಲ್ಯೂಷನ್ ಯಾವುದೆಂದು ತಿಳಿದಿರಬೇಕು. ಜೊತೆಗೆ ಬಂದ ಪುಸ್ತಿಕೆಯಲ್ಲಿ ಸಾಮಾನ್ಯವಾಗಿ ಎರಡು ಸಂಖ್ಯೆಗಳಿರುತ್ತವೆ: ಒಂದು ಅದರ ಒಳಗೆ ನಿಜವಾಗಿ ಇರುವ ಚುಕ್ಕಿಗಳದ್ದು, ಇನ್ನೊಂದು ಅದು ಸ್ವೀಕರಿಸಬಲ್ಲ ಅತಿ ದೊಡ್ಡ ಚಿತ್ರದ್ದು. ಅಂಗಡಿಯವರು ದೊಡ್ಡದನ್ನೇ ಗಟ್ಟಿಯಾಗಿ ಹೇಳುತ್ತಾರೆ. ಆದರೆ 1024ರ ಪ್ರೊಜೆಕ್ಟರಿಗೆ 1920ರ ಚಿತ್ರವನ್ನು ಕಳುಹಿಸಿದರೆ ಅದು ಸುಮಾರು ಎರಡು ಚುಕ್ಕಿಗಳನ್ನು ಒಂದರಲ್ಲಿ ಕಲಸಿ ತೋರಿಸುತ್ತದೆ. ಅಂಕಿಗಳ ಅಂಚು ಮಂಜಿನಲ್ಲಿ ಕಂಡ ಮಡಿಕೇರಿ ಕೋಟೆಯಂತೆ ಆಗುತ್ತದೆ. ಫೋಟೋ ತೋರಿಸುವವರಿಗೆ ಇದು ಗೊತ್ತಾಗದೇ ಹೋಗಬಹುದು, ಸಣ್ಣ ಅಕ್ಷರದ ಪಟ್ಟಿ ತೋರಿಸುವವರಿಗೆ ತಕ್ಷಣ ಗೊತ್ತಾಗುತ್ತದೆ. ಹಳೆಯ ಯಂತ್ರಗಳಲ್ಲಿ 800ಕ್ಕೆ 600 ಅಥವಾ 1024ಕ್ಕೆ 768, ಅನಂತರದವುಗಳಲ್ಲಿ 1280ಕ್ಕೆ 800, ಈಚಿನವುಗಳಲ್ಲಿ 1920ಕ್ಕೆ 1080, ಇವೇ ಹೆಚ್ಚಾಗಿ ಸಿಗುವ ಸ್ವಂತ ಅಳತೆಗಳು.

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿಯನ್ನು ಹಿಡಿದು ಪಿ ಅಕ್ಷರವನ್ನು ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ. ಡ್ಯುಪ್ಲಿಕೇಟ್ ಎಂದರೆ ಎರಡರಲ್ಲಿಯೂ ಒಂದೇ ಚಿತ್ರ. ಎಕ್ಸ್‌ಟೆಂಡ್ ಎಂದರೆ ಪ್ರೊಜೆಕ್ಟರಿನ ಪರದೆ ಲ್ಯಾಪ್‌ಟಾಪಿನ ಪರದೆಯ ಮುಂದುವರಿಕೆ. ಉಳಿದ ಎರಡರಲ್ಲಿ ಯಾವುದಾದರೂ ಒಂದು ಮಾತ್ರ ಬೆಳಗುತ್ತದೆ. ಬಹುತೇಕರು ಡ್ಯುಪ್ಲಿಕೇಟ್ ಆರಿಸುತ್ತಾರೆ, ಕಣ್ಣೆದುರಿನದೇ ಗೋಡೆಯ ಮೇಲೂ ಇರುವುದರಿಂದ ಧೈರ್ಯವಾಗುತ್ತದೆ. ಆದರೆ ಅಲ್ಲಿ ಎರಡು ಪರದೆಗಳಿಗೂ ಸಾಮಾನ್ಯವಾಗಿ ಒಂದೇ ಅಳತೆ ನಡೆಯಬೇಕು, ಒಂದಕ್ಕೆ ಸರಿಹೊಂದಿಸಿದರೆ ಇನ್ನೊಂದು ಮಸುಕಾಗುತ್ತದೆ. ಎಕ್ಸ್‌ಟೆಂಡಿನಲ್ಲಿ ಪ್ರತಿಯೊಂದಕ್ಕೂ ಅದರದೇ ಅಳತೆ ಕೊಡಬಹುದು, ಮೇಲಾಗಿ ನಮ್ಮ ಮೇಲ್ ಪೆಟ್ಟಿಗೆ ಸಭೆಗೆ ಕಾಣುವುದಿಲ್ಲ. ನನ್ನ ಒಲವು ಎಕ್ಸ್‌ಟೆಂಡಿನ ಕಡೆಗೇ ಇದೆ. ಮೊದಲ ಸಲ ಮಾತನಾಡುವವರಿಗೆ ಮಾತ್ರ ಡ್ಯುಪ್ಲಿಕೇಟನ್ನೇ ಹಾಕಿಕೊಡುತ್ತೇನೆ, ಮೌಸಿನ ಬಾಣ ಗೋಡೆಗೆ ಹಾರಿಹೋದರೆ ಅವರು ಗಾಬರಿಯಾಗುತ್ತಾರೆ.

ಅನಂತರ ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ, ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು, ಎಕ್ಸ್‌ಟೆಂಡ್ ಆಗಿದ್ದರೆ ಪ್ರೊಜೆಕ್ಟರಿನ ಸಂಖ್ಯೆಯ ಚೌಕವನ್ನು ಆರಿಸಿ, ಕೆಳಗಿನ ರೆಸಲ್ಯೂಷನ್ ಪಟ್ಟಿಯಲ್ಲಿ ಪ್ರೊಜೆಕ್ಟರಿನ ಸ್ವಂತ ಅಳತೆಯನ್ನು ಕೊಡಬೇಕು. ಚಿತ್ರವೇ ಮಾಯವಾದರೆ ಏನನ್ನೂ ಮುಟ್ಟದೆ ಸುಮ್ಮನಿರಿ. ಹೊಸ ಅಳತೆಯನ್ನು ಉಳಿಸಿಕೊಳ್ಳಬೇಕೇ ಎಂದು ಕೇಳುವ ಕಂಪ್ಯೂಟರು ಉತ್ತರ ಬಾರದಿದ್ದರೆ 15 ಸೆಕೆಂಡುಗಳಲ್ಲಿ ತಾನೇ ಹಿಂದಿನ ಅಳತೆಗೆ ಮರಳುತ್ತದೆ. ಅದೇ ಪುಟದಲ್ಲಿ ಶೇಕಡಾ 125, 150 ಎಂದು ಕಾಣುವ ಸ್ಕೇಲ್ ಬೇರೆಯದು. ಅದು ಅಕ್ಷರಗಳ ಗಾತ್ರವನ್ನು ಬದಲಿಸುತ್ತದೆ, ಚುಕ್ಕಿಗಳ ಲೆಕ್ಕವನ್ನಲ್ಲ.

ಬೇಕಾದ ಅಳತೆ ಪಟ್ಟಿಯಲ್ಲಿ ಇಲ್ಲದಿದ್ದರೆ ನಾನು ಮೊದಲು ಅನುಮಾನಿಸುವುದು ಕೇಬಲ್ಲನ್ನು. ಪ್ರೊಜೆಕ್ಟರ್ ತನಗೆ ಒಗ್ಗುವ ಅಳತೆಗಳನ್ನು ಇಡಿಐಡಿ ಎಂಬ ಪುಟ್ಟ ಮಾಹಿತಿಯ ಮೂಲಕ ಲ್ಯಾಪ್‌ಟಾಪಿಗೆ ತಿಳಿಸುತ್ತದೆ, ಇದಕ್ಕೆ ವಿಜಿಎ ಕೇಬಲ್ಲಿನಲ್ಲಿಯೇ ಬೇರೆ ತಂತಿಗಳಿವೆ. ಅಗ್ಗದ ಕೆಲವು ಕೇಬಲ್ಲುಗಳಲ್ಲಿ ಆ ತಂತಿಗಳನ್ನು ಹಾಕಿರುವುದೇ ಇಲ್ಲ. ಹಳೆಯವುಗಳಲ್ಲಿ ಪಿನ್ನು ಬಗ್ಗಿರುತ್ತದೆ, ನಮ್ಮ ಮಳೆಗಾಲದ ತೇವಕ್ಕೆ ಕಿಲುಬು ಹಿಡಿದಿರುವುದೂ ಉಂಟು. ಆಗ ಎದುರಿಗಿರುವುದು ಏನೆಂದು ತಿಳಿಯದ ಲ್ಯಾಪ್‌ಟಾಪ್ ಒಂದೆರಡು ಸಾಮಾನ್ಯ ಅಳತೆಗಳನ್ನಷ್ಟೇ ಮುಂದಿಡುತ್ತದೆ. ಇನ್ನೊಂದು ಕೇಬಲ್ ಹಾಕಿ ನೋಡುವುದೇ ಇದಕ್ಕೆ ಹತ್ತಿರದ ದಾರಿ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಚಿತ್ರ ಅಂಕೆಗಳಾಗಿಯೇ ಹೋಗುವುದರಿಂದ ಊಹೆಯ ತೊಡಕಿಲ್ಲ. ಆದರೆ ಕೆಲವು ಪ್ರೊಜೆಕ್ಟರುಗಳು ಅದನ್ನು ಟಿವಿಯ ಚಿತ್ರವೆಂದು ತಿಳಿದು ನಾಲ್ಕೂ ಅಂಚುಗಳನ್ನು ಸ್ವಲ್ಪ ಸ್ವಲ್ಪ ಕತ್ತರಿಸುತ್ತವೆ. ಅವುಗಳ ಮೆನುವಿನಲ್ಲಿ ಓವರ್‌ಸ್ಕ್ಯಾನ್ ಎಂಬುದನ್ನು ಸೊನ್ನೆಗೆ ತರಬೇಕು.

ಅಂದಿನ ಸಭೆಯಲ್ಲಿ ಲ್ಯಾಪ್‌ಟಾಪನ್ನು 1024ಕ್ಕೆ 768 ಮಾಡಿದ ಕೂಡಲೇ ಪ್ರೊಜೆಕ್ಟರಿನ ಊಹೆಯೂ ನಿಜವೂ ಒಂದೇ ಆದವು. ಇಷ್ಟಾದರೂ ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿದಿತ್ತು, ಕಾರಣ ಆ ಬೆಳೆಗಾರರು ಮಳೆಯ ಲೆಕ್ಕವನ್ನು ಬರೆದಿದ್ದು ಪವರ್‌ಪಾಯಿಂಟಿನ 16ಕ್ಕೆ 9ರ ಅಗಲ ಹಾಳೆಯಲ್ಲಿ. 1024ರ ಅಗಲಕ್ಕೆ ಅಂಥ ಹಾಳೆ ಕೂತರೆ ಎತ್ತರ 576 ಗೆರೆಗಳಷ್ಟೇ ಆಗುತ್ತದೆ, 192 ಗೆರೆಗಳು ಕಪ್ಪಾಗಿ ಉಳಿಯುತ್ತವೆ. ಅಂದರೆ ಪರದೆಯ ಕಾಲು ಭಾಗ ವ್ಯರ್ಥ. ಡಿಸೈನ್ ವಿಭಾಗದಲ್ಲಿ ಹಾಳೆಯನ್ನು 4ಕ್ಕೆ 3 ಮಾಡಿ, ಸಾಲುಗಳನ್ನು ಎತ್ತರಿಸಿ, ಅಕ್ಷರವನ್ನು ಎರಡು ಅಳತೆ ದೊಡ್ಡದು ಮಾಡಿದೆವು. ಮೇಜನ್ನೂ ಮೊದಲಿನ ಜಾಗಕ್ಕೆ, ಪರದೆಗೆ ನೇರವಾಗಿ ತಂದೆವು, ಏಕೆಂದರೆ ಓರೆಯಾಗಿಟ್ಟು ಕೀಸ್ಟೋನ್ ಗುಂಡಿಯಿಂದ ಚಿತ್ರವನ್ನು ಚೌಕಗೊಳಿಸಿದರೆ ಪ್ರೊಜೆಕ್ಟರ್ ಚುಕ್ಕಿಗಳನ್ನು ಮತ್ತೆ ಕಲಸುತ್ತದೆ. ಹಿಂದಿನ ಸಾಲಿನವರಿಗೂ ನವೆಂಬರ್ ಕಂಡಿತು. ಮಾತು ಕಣದಲ್ಲಿ ನೆನೆದ ಕಾಫಿಯ ಕಡೆಗೆ ಹೊರಳಿತು.

ಮನೆಗೆ ಹೋದ ಮೇಲೆ ಆ ಬೆಳೆಗಾರರು ನನಗೆ ಫೋನ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಅಕ್ಷರಗಳೆಲ್ಲ ಉಬ್ಬಿದಂತೆ ಕಾಣುತ್ತಿವೆ ಎಂದರು. ವಿಂಡೋಸ್ ಸಾಮಾನ್ಯವಾಗಿ ಆಯಾ ಪರದೆಯ ಅಳತೆಯನ್ನು ನೆನಪಿಟ್ಟುಕೊಂಡು ಕೇಬಲ್ ಕಿತ್ತ ಕೂಡಲೇ ಹಿಂದಿರುಗುತ್ತದೆ, ಅವರದು ಮಾತ್ರ 1024ರಲ್ಲಿಯೇ ನಿಂತಿತ್ತು. ಅದೇ ಡಿಸ್‌ಪ್ಲೇ ಪುಟದಲ್ಲಿ ರೆಕಮೆಂಡೆಡ್ ಎಂದು ಬರೆದಿರುವ 1366ರ ಸಾಲನ್ನು ಆರಿಸಲು ಹೇಳಿದೆ, ಸರಿಹೋಯಿತು. ನಮಸ್ಕಾರ.