ಕೋಲು, ತುಣುಕು, ತಟ್ಟೆ: ನಾಯಿ ಸಾಕುವವರ ಎರಡು ಜಗಳ

ಎಲ್ಲರಿಗೂ ನಮಸ್ಕಾರ.

ನಾಯಿ ಸಾಕಿದವರು ನಾಲ್ಕು ಜನ ಸೇರಿದರೆ ಎರಡು ಜಗಳ ಗ್ಯಾರಂಟಿ. ನಾಯಿಗೆ ಕಲಿಸುವುದು ಹೇಗೆ, ಗದರಿಸಿಯೋ ತಿಂಡಿ ಕೊಟ್ಟೋ ಅನ್ನುವುದು ಒಂದು. ತಟ್ಟೆಗೆ ಹಾಕುವುದು ಏನು, ಪ್ಯಾಕೆಟ್ಟಿನ ಕಾಳೋ ಮನೆಯ ಅನ್ನವೋ ಹಸಿ ಮಾಂಸವೋ ಅನ್ನುವುದು ಇನ್ನೊಂದು. ಇವು ಬೇರೆ ಬೇರೆ ಜಗಳ ಎಂದು ಕಾಣುತ್ತವೆ. ಆದರೆ ಕಲಿಸಲು ಕೊಡುವ ತುಣುಕು ಬರಬೇಕಾದದ್ದು ಅದೇ ತಟ್ಟೆಯಿಂದ. ಹಾಗಾಗಿ ಎರಡನ್ನೂ ಇವತ್ತು ಒಟ್ಟಿಗೇ ಎತ್ತಿಕೊಂಡಿದ್ದೇನೆ.

ಮಾತು ಗಾಳಿಯಲ್ಲಿ ತೇಲದಿರಲು ಒಂದು ನಾಯಿಯನ್ನು ಕಣ್ಣೆದುರು ಇಟ್ಟುಕೊಳ್ಳೋಣ. 25 ಕೆಜಿ ತೂಕದ, ಬೆಳೆದ ಮುಧೋಳ ನಾಯಿ. ಬಾಗಲಕೋಟೆ ಜಿಲ್ಲೆಯ ಈ ತಳಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಇದನ್ನು ಆರಿಸಿದ್ದು ಅಭಿಮಾನಕ್ಕಷ್ಟೇ ಅಲ್ಲ. ವಾಸನೆಗಿಂತ ಕಣ್ಣಿನಿಂದ ಬೇಟೆಯಾಡುವ ನಾಯಿ ಇದು. ಲ್ಯಾಬ್ರಡಾರ್ ಸಾಕಿದವರು ಕೊಡುವ ಸಲಹೆಯಲ್ಲಿ ಅರ್ಧ ಇದಕ್ಕೆ ಹೊಂದುವುದಿಲ್ಲ. ಯಾವ ವಾದ ಎಲ್ಲಿ ಮುರಿಯುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಮೊದಲು ಕೋಲಿನ ವಾದ. 'ನಾಯಿಗೆ ಯಜಮಾನ ಯಾರೆಂದು ತೋರಿಸಬೇಕು, ಇಲ್ಲದಿದ್ದರೆ ಅದೇ ಯಜಮಾನ ಆಗುತ್ತದೆ.' ಇದರ ಬೇರು ತೋಳದ ಅಧ್ಯಯನದಲ್ಲಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ ಎಂಬ ಸಂಶೋಧಕ, ಗುಂಪಿನ ತೋಳಗಳು ಪಟ್ಟಕ್ಕಾಗಿ ಹೊಡೆದಾಡುತ್ತವೆ ಎಂದು 1947ರಲ್ಲಿ ಬರೆದ. ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳು, ಓಡಿಹೋಗಲು ಜಾಗವಿಲ್ಲ, ಸಹಜವಾಗಿಯೇ ಕಚ್ಚಾಡಿದವು. ಅಮೆರಿಕದ ತೋಳ ಸಂಶೋಧಕ ಡೇವಿಡ್ ಮೆಕ್ 1970ರ ತನ್ನ ಪುಸ್ತಕದಲ್ಲಿ 'ಆಲ್ಫಾ', ಅಂದರೆ ಗುಂಪಿನ ಯಜಮಾನ ತೋಳ, ಎಂಬ ಮಾತನ್ನು ಜನಪ್ರಿಯಗೊಳಿಸಿದ. ಮುಂದೆ ಅವನೇ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ವರ್ಷಗಟ್ಟಲೆ ಕಾಡುತೋಳಗಳನ್ನು ಗಮನಿಸಿ, 1999ರಲ್ಲಿ ತಿದ್ದಿಕೊಂಡ: ಕಾಡಿನ ತೋಳದ ಗುಂಪು ಎಂದರೆ ಅಪ್ಪ, ಅಮ್ಮ, ಮಕ್ಕಳು. ಪಟ್ಟಕ್ಕಾಗಿ ಹೊಡೆದಾಟವಲ್ಲ, ಸಂಸಾರ. ಬರೆದವನು ತಿದ್ದಿಕೊಂಡ, ಓದಿದವರು ತಿದ್ದಿಕೊಳ್ಳಲಿಲ್ಲ. ಮರಿಯನ್ನು ಅಂಗಾತ ಕೆಡವಿ ಹಿಡಿದಿಡುವ 'ಚಿಕಿತ್ಸೆ' ಇವತ್ತಿಗೂ ನಡೆಯುತ್ತಿದೆ.

ಹಾಗಾದರೆ ಏಟು ಕೆಲಸ ಮಾಡುವುದಿಲ್ಲವೇ? ಮಾಡುತ್ತದೆ. ಇಲ್ಲ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ. ಶಿಕ್ಷೆ ಕೆಲಸ ಮಾಡಬೇಕಾದರೆ ತಪ್ಪಿನ ಹಿಂದೆಯೇ, ಒಂದು ಸೆಕೆಂಡಿನ ಆಸುಪಾಸಿನಲ್ಲಿ ಬರಬೇಕು. ಪ್ರತಿ ಸಲವೂ ಬರಬೇಕು. ಮೊದಲ ಸಲವೇ ಸಾಕಷ್ಟು ಜೋರಾಗಿರಬೇಕು. ಈ ಮೂರನ್ನೂ ಪಾಲಿಸುವವರು ಎಷ್ಟು ಜನ? ಬೆಳಿಗ್ಗೆ ಕಡಿದ ಚಪ್ಪಲಿಗೆ ಸಂಜೆ ಆಫೀಸಿನಿಂದ ಬಂದು ಹೊಡೆದರೆ, ನಾಯಿಗೆ ಸಿಗುವ ಪಾಠ 'ಯಜಮಾನ ಬಂದಾಗ ಅವಿತುಕೋ' ಅನ್ನುವುದು ಮಾತ್ರ. ಕಿವಿ ಹಿಂದೆ ಹಾಕಿ ಮೂಲೆ ಸೇರುವುದನ್ನು ನಾವು 'ತಪ್ಪು ಅದಕ್ಕೆ ಗೊತ್ತು' ಎನ್ನುತ್ತೇವೆ. ಅದಕ್ಕೆ ಗೊತ್ತಿರುವುದು ನಿಮ್ಮ ಮುಖ.

ಇನ್ನೂ ಅಪಾಯದ್ದು ಗುರುಗುಟ್ಟಿದ್ದಕ್ಕೆ ಹೊಡೆಯುವುದು. ಗುರುಗುಟ್ಟುವುದು ಎಚ್ಚರಿಕೆ. ಏಟು ತಿಂದ ನಾಯಿ ಎಚ್ಚರಿಕೆ ಕೊಡುವುದನ್ನು ಬಿಡುತ್ತದೆ, ಭಯವನ್ನು ಬಿಡುವುದಿಲ್ಲ. 'ಏನೂ ಸೂಚನೆ ಇಲ್ಲದೆ ಕಚ್ಚಿತು' ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

2020ರಲ್ಲಿ ಪೋರ್ಚುಗಲ್‌ನ ತರಬೇತಿ ಶಾಲೆಗಳ 92 ನಾಯಿಗಳ ಅಧ್ಯಯನ ಪ್ರಕಟವಾಯಿತು. ಶಿಕ್ಷೆ ಹೆಚ್ಚಿದ್ದ ಶಾಲೆಗಳ ನಾಯಿಗಳು ಪಾಠದ ಹೊತ್ತಿನಲ್ಲಿ ಹೆಚ್ಚು ಆತಂಕ ತೋರಿದವು, ಪಾಠದ ನಂತರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರಿತ್ತು. ಆಮೇಲೆ ಇನ್ನೊಂದು ಪರೀಕ್ಷೆ. ಕೋಣೆಯ ಒಂದು ಬದಿಯ ಬಟ್ಟಲಲ್ಲಿ ಯಾವಾಗಲೂ ತಿಂಡಿ, ಇನ್ನೊಂದು ಬದಿಯದು ಯಾವಾಗಲೂ ಖಾಲಿ ಎಂದು ಕಲಿಸಿ, ಕೊನೆಗೆ ಬಟ್ಟಲನ್ನು ನಡುವೆ ಇಟ್ಟರು. ಶಿಕ್ಷೆಯ ಶಾಲೆಯ ನಾಯಿಗಳು ಅದರ ಕಡೆ ನಿಧಾನವಾಗಿ ಹೋದವು. 'ಖಾಲಿಯೇ ಇರಬೇಕು' ಎಂಬಂತೆ.

ಎದುರು ಪಕ್ಷದ ಸಾಕ್ಷ್ಯವನ್ನೂ ಮುಚ್ಚಿಡಬಾರದು. 2024ರಲ್ಲಿ ಅಮೆರಿಕದಲ್ಲಿ ಬಂದ ಪ್ರಯೋಗವೊಂದರಲ್ಲಿ, ಓಡುವ ವಸ್ತುವಿನ ಹಿಂದೆ ಬೀಳುವುದನ್ನು ಕೆಲವೇ ದಿನಗಳ ಪಾಠದಲ್ಲಿ ಬಿಡಿಸಲು ಎಲೆಕ್ಟ್ರಿಕ್ ಕಾಲರ್‌ಗೆ ಆಯಿತು, ತಿಂಡಿಗೆ ಆಗಲಿಲ್ಲ. ನಾಯಿಗಳು ಚಿಕ್ಕ ಗುಂಪು, ಪಾಠದ ಅವಧಿಯೂ ಚಿಕ್ಕದು, ಶಾಕ್ ತಗುಲಿದಾಗ ಕುಂಯ್ ಎಂದದ್ದೂ ದಾಖಲಾಗಿದೆ. ಆದರೂ ಫಲಿತಾಂಶ ಫಲಿತಾಂಶವೇ. ಬೇಟೆಯ ಹುಚ್ಚು ಐದು ದಿನದ ಬಿಸ್ಕತ್ತಿಗೆ ಬಗ್ಗುವುದಿಲ್ಲ. ನಮ್ಮ ಮುಧೋಳಕ್ಕೆ ಅದು ರಕ್ತದಲ್ಲೇ ಇದೆ. ಹಾಗೆಂದು ಕರೆಂಟು ಕೊಡಬೇಕಾಗಿಲ್ಲ, ಹಗ್ಗ ಬೇಕು, ತಿಂಗಳುಗಳ ತಾಳ್ಮೆ ಬೇಕು. ನನ್ನ ನಿಲುವು ಇದು.

ಹಗ್ಗಕ್ಕೆ ಮುಂಚೆ ಕೊರಳಿನ ಮಾತು. ಮುಧೋಳದ ತಲೆ ಕಿರಿದು, ಕತ್ತು ಹೆಚ್ಚುಕಡಿಮೆ ಅಷ್ಟೇ ದಪ್ಪ. ಸಾಮಾನ್ಯ ಬೆಲ್ಟ್ ಹಿಂದಕ್ಕೆ ಎಳೆದರೆ ಕಳಚಿಕೊಳ್ಳುತ್ತದೆ. ಅದಕ್ಕೇ ಜನ ಚೋಕ್ ಚೈನ್ ಹಾಕುತ್ತಾರೆ. ಅದಕ್ಕೆ ಬಿಗಿಯಲು ಮಿತಿ ಇಲ್ಲ, ಗಂಟಲಿನ ಕೊಳವೆಯ ಮೇಲೇ ಒತ್ತುತ್ತದೆ. ಬದಲಿಗೆ ಮಾರ್ಟಿಂಗೇಲ್ ಕಾಲರ್ ಹಾಕಿ: ಅಗಲ ಪಟ್ಟಿ, ತುದಿಯಲ್ಲಿ ಚಿಕ್ಕ ಕುಣಿಕೆ. ಎಳೆದಾಗ ತಲೆ ಜಾರದಷ್ಟು ಬಿಗಿದು ಅಲ್ಲಿಗೇ ನಿಲ್ಲುತ್ತದೆ. ಪೂರ್ತಿ ಬಿಗಿದಾಗಲೂ ಎರಡು ಬೆರಳು ಒಳಗೆ ಹೋಗಬೇಕು.

ಇನ್ನು 'ಬಾ' ಎಂದರೆ ಬರುವ ಪಾಠ. ಮೊದಲು ಮನೆಯವರೆಲ್ಲ ಒಂದೇ ಮಾತು ಗೊತ್ತುಮಾಡಿಕೊಳ್ಳಿ. ಅಜ್ಜಿ 'ಬಾರೋ', ಅಪ್ಪ 'ಕಮ್', ಮಗಳು 'ಇಲ್ ಬಾ ಚಿನ್ನು' ಎಂದರೆ ನಾಯಿ ಮೂರು ಭಾಷೆ ಕಲಿಯಬೇಕಾಗುತ್ತದೆ, ಒಂದನ್ನೂ ಕಲಿಯುವುದಿಲ್ಲ. ಮನೆಯೊಳಗೆ ಎರಡು ಹೆಜ್ಜೆ ದೂರದಿಂದ ಕರೆಯಿರಿ. ತಲೆ ನಿಮ್ಮ ಕಡೆ ತಿರುಗಿದ ಕ್ಷಣವೇ 'ಹಾಂ' ಎನ್ನಿ, ಹತ್ತಿರ ಬಂದೊಡನೆ ತುಣುಕು ಕೊಡಿ. 'ಹಾಂ' ತಡವಾದರೆ ನೀವು ಬೇರೆ ಏನಕ್ಕೋ ಸಂಬಳ ಕೊಟ್ಟಂತೆ. ಹತ್ತು ಸಲಕ್ಕೆ ಎಂಟು ಒಂಬತ್ತು ಸಲ ಬಂದರೆ ಮಾತ್ರ ಜಗುಲಿಗೆ ಹೋಗಿ, ಅಲ್ಲಿ ಗೆದ್ದರೆ ಕಾಂಪೌಂಡು, ಆಮೇಲೆ ಬಯಲು. ಬಯಲಿನಲ್ಲಿ 10 ಮೀಟರ್ ಹಗ್ಗ, ಅದೂ ಎದೆಗೆ ಹಾಕುವ ಹಾರ್ನೆಸ್‌ಗೆ. ಕತ್ತಿಗೆ ಕಟ್ಟಿದರೆ, ಓಟದ ಭರದಲ್ಲಿ ಹಗ್ಗದ ತುದಿ ಬಂದಾಗ ಕತ್ತಿನ ಮೂಳೆಗೆ ಏಟು ಬೀಳುತ್ತದೆ.

ಇದು ಕೆಡುವುದು ಹೇಗೆ? ಸ್ನಾನಕ್ಕೆ, ಔಷಧಿಗೆ, ಆಟ ಮುಗಿಸಿ ಕಟ್ಟಿಹಾಕುವುದಕ್ಕೆ ಮಾತ್ರ ಕರೆದರೆ. ಐದು ಸಲ ಕರೆದು, ತುಣುಕು ಕೊಟ್ಟು, ಮತ್ತೆ ಆಡಲು ಬಿಟ್ಟರೆ ಆರನೆಯ ಸಲ ಕಟ್ಟಬಹುದು. ಮೊಲ ಎದ್ದ ಮೇಲೆ ಕರೆಯಬೇಡಿ, ಬರುವುದಿಲ್ಲ. ಬಾರದ ಕರೆ ಒಂದೊಂದೂ ಆ ಮಾತಿನ ಬೆಲೆ ಇಳಿಸುತ್ತದೆ. ಕಿವಿ ನಿಮಿರಿ, ಮೈ ಕಲ್ಲಾಗುವ ಆ ಅರೆಗಳಿಗೆಯಲ್ಲೇ ಕರೆಯಬೇಕು. ಬೇಲಿ ಇಲ್ಲದ, ರಸ್ತೆ ಹತ್ತಿರವಿರುವ ಜಾಗದಲ್ಲಿ ಮುಧೋಳವನ್ನು ಹಗ್ಗವಿಲ್ಲದೆ ಬಿಡಲೇಬೇಡಿ, ಎಷ್ಟೇ ಕಲಿತಿರಲಿ.

ಇಲ್ಲಿಂದ ತಟ್ಟೆಗೆ ಬರೋಣ. ತುಣುಕು ಎಷ್ಟು ಕೊಡಬಹುದು? ಅದಕ್ಕೆ ದಿನದ ಲೆಕ್ಕ ಗೊತ್ತಿರಬೇಕು. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು: ನಾಯಿಯ ತೂಕವನ್ನು ಮೂರು ಸಲ ಇಟ್ಟು ಗುಣಿಸಿ, ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, 70ರಿಂದ ಗುಣಿಸಿ. 25×25×25 ಎಂದರೆ 15,625, ವರ್ಗಮೂಲ 125, ಅದರ ವರ್ಗಮೂಲ 11.18, 70ರಿಂದ ಗುಣಿಸಿದರೆ ಸುಮಾರು 783 ಕ್ಯಾಲೊರಿ. ಇದು ಸುಮ್ಮನೆ ಮಲಗಿದ್ದರೂ ಬೇಕಾಗುವಷ್ಟು. ಮನೆಯಲ್ಲೇ ಇರುವ ನಾಯಿಗೆ ಇದರ 1.2ರಿಂದ 1.4 ಪಟ್ಟು, ಚೆನ್ನಾಗಿ ಓಡಾಡುವ ನಾಯಿಗೆ 1.6 ಪಟ್ಟು. ನಮ್ಮದಕ್ಕೆ 1,100 ಎಂದು ಹಿಡಿಯೋಣ. ತಿಂಡಿ ತುಣುಕು ಇದರ ಹತ್ತನೇ ಒಂದು ಪಾಲು ಮೀರಬಾರದು, ಅಂದರೆ 110 ಕ್ಯಾಲೊರಿ. ಒಂದು ಗ್ಲುಕೋಸ್ ಬಿಸ್ಕತ್ತಿಗೆ ಸುಮಾರು 25. ನಾಲ್ಕು ಬಿಸ್ಕತ್ತಿಗೆ ಖಾತೆ ಮುಗಿಯಿತು. ಅದೇ ಬೇಯಿಸಿದ ಕೋಳಿ ಎದೆಮಾಂಸವಾದರೆ 65 ಗ್ರಾಂ. ಬಟಾಣಿ ಗಾತ್ರಕ್ಕೆ ಹೆಚ್ಚಿದರೆ ಅರವತ್ತು ಪಾಠಕ್ಕೆ ಸಾಕು. ಪ್ಯಾಕೆಟ್ಟಿನ ಒಣ ಕಾಳು ಹಾಕುವವರು ದಿನದ ಪಾಲಿನಿಂದಲೇ ಒಂದು ಹಿಡಿ ಎತ್ತಿ ಜೇಬಿಗೆ ಹಾಕಿಕೊಂಡರೆ ಇನ್ನೂ ಸುಲಭ. 'ತಿಂಡಿ ಕೊಟ್ಟು ಕಲಿಸಿದರೆ ನಾಯಿ ದಪ್ಪ ಆಗುತ್ತದೆ' ಎಂಬ ದೂರಿಗೆ ಉತ್ತರ ಇಷ್ಟೇ.

ಈಗ ನಮ್ಮ ಊರುಗಳ ನಿಜವಾದ ವಾದಕ್ಕೆ: ಮೊಸರನ್ನ ಮತ್ತು ರಾಗಿ. 'ನಮ್ಮ ಅಜ್ಜನ ಕಾಲದ ನಾಯಿ ಮೊಸರನ್ನ ತಿಂದೇ ಹನ್ನೆರಡು ವರ್ಷ ಬದುಕಿತು.' ಬದುಕಿರಬಹುದು. ಆದರೆ ಅದು ಹಗಲೆಲ್ಲ ಊರು ಸುತ್ತಿ ಇಲಿ, ಮೂಳೆ, ಹಬ್ಬದೂಟದ ಉಳಿಕೆ ಎಲ್ಲ ತಿಂದು ಬರುತ್ತಿತ್ತು. ಮೊಸರನ್ನ ಊಟದ ಒಂದು ಭಾಗ ಮಾತ್ರ. ಮೂರನೇ ಮಹಡಿಯ ಫ್ಲ್ಯಾಟಿನ ನಾಯಿಗೆ ತಟ್ಟೆ ಬಿಟ್ಟರೆ ಬೇರೆ ಲೋಕವಿಲ್ಲ. ಲೆಕ್ಕ ಹಾಕಿ: 600 ಗ್ರಾಂ ಅನ್ನ, 350 ಗ್ರಾಂ ಮೊಸರು ಸೇರಿದರೆ ಹತ್ತಿರಹತ್ತಿರ 1,000 ಕ್ಯಾಲೊರಿ. ಪ್ರೋಟೀನು ಸುಮಾರು 27 ಗ್ರಾಂ. ಬೆಳೆದ ನಾಯಿಗೆ 1,000 ಕ್ಯಾಲೊರಿಗೆ ಕನಿಷ್ಠ 45 ಗ್ರಾಂ ಬೇಕು. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ರಾಗಿಯ ಮೇಲೆ ನಮಗಿರುವ ಭಕ್ತಿ ಇನ್ನೂ ದೊಡ್ಡದು. ಮರಿ ತಂದ ಮನೆಯಲ್ಲಿ ಮೊದಲ ದಿನವೇ ರಾಗಿ ಗಂಜಿ, 'ಕ್ಯಾಲ್ಸಿಯಂ ಇದೆ' ಎಂದು. ಇದೆ: 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ, ಧಾನ್ಯಗಳಲ್ಲೇ ಮೇಲು. ಆದರೆ ಬೆಳೆಯುವ ಮರಿಗೆ 1,000 ಕ್ಯಾಲೊರಿಗೆ 3 ಗ್ರಾಂ ಬೇಕು, ರಾಗಿ ಅಷ್ಟೇ ಕ್ಯಾಲೊರಿಗೆ ಕೊಡುವುದು 1.1 ಗ್ರಾಂ. ಅದರಲ್ಲೂ ರಾಗಿಯಲ್ಲೇ ಇರುವ ಫೈಟೇಟ್ ಎಂಬ ಅಂಶ ಒಂದು ಪಾಲನ್ನು ಕಟ್ಟಿಹಾಕುತ್ತದೆ. ಪ್ರೋಟೀನು ಬೇಕಾದ್ದರ ಅರ್ಧವೂ ಇಲ್ಲ. ರಾಗಿ ಹಾಕಿ, ಅನ್ನದ ಜಾಗದಲ್ಲಿ ಹಾಕಿ. ಮಾಂಸ ಮೊಟ್ಟೆಯ ಜಾಗದಲ್ಲಿ ಬೇಡ.

ಇದರ ತಲೆಕೆಳಗಿನ ತಪ್ಪೂ ಇದೆ. ಮರಿಗಳಿಗೆಂದೇ ಮಾಡಿದ ಪರಿಪೂರ್ಣ ಪ್ಯಾಕೆಟ್ ಆಹಾರ ಹಾಕುತ್ತ, ಮೇಲಿಂದ ಕ್ಯಾಲ್ಸಿಯಂ ಸಿರಪ್ಪು ಕುಡಿಸುವುದು. ಆರು ತಿಂಗಳೊಳಗಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಸಾಲದು. ಗ್ರೇಟ್ ಡೇನ್, ಲ್ಯಾಬ್ರಡಾರ್, ಶೆಫರ್ಡ್‌ನಂಥ ದೊಡ್ಡ ತಳಿಗಳಲ್ಲಿ ಕಾಲು ಸೊಟ್ಟಗಾಗುವುದು ಕಡಿಮೆಯಿಂದಲೂ ಹೌದು, ಅತಿಯಿಂದಲೂ ಹೌದು.

ಹಸಿ ಮಾಂಸದವರು 'ನಾಯಿ ಎಂದರೆ ತೋಳ' ಎನ್ನುತ್ತಾರೆ. ಆದರೆ ಅನ್ನದಂಥ ಪಿಷ್ಟ ಅರಗಿಸಲು ಬೇಕಾದ ಅಮೈಲೇಸ್ ಜೀನಿನ ನಕಲುಗಳು ತೋಳದಲ್ಲಿ 2 ಇದ್ದರೆ ನಾಯಿಯಲ್ಲಿ 4ರಿಂದ 30 ಇವೆ ಎಂದು 2013ರಲ್ಲಿ ತೋರಿಸಿದರು. ಮನುಷ್ಯನ ಒಲೆಯ ಪಕ್ಕ ಬದಲಾದ ಪ್ರಾಣಿ ಇದು. ಹಸಿ ಮಾಂಸವನ್ನು ಫ್ರೀಜರ್‌ನಲ್ಲಿಟ್ಟರೂ ಅದರಲ್ಲಿರಬಹುದಾದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯುವುದಿಲ್ಲ. ನಾಯಿ ಚೆನ್ನಾಗಿದ್ದರೂ ಅದರ ಮೂತಿ ನೆಕ್ಕಿದ ಕೂಸಿಗೆ ಭೇದಿ ಹತ್ತಬಹುದು. ಹಾಗೆಂದು 'ಧಾನ್ಯವೇ ಇಲ್ಲ' ಎಂಬ ದುಬಾರಿ ಚೀಲದ ಮೋಹವೂ ಬೇಡ. ಬಟಾಣಿ, ಮಸೂರ ತುಂಬಿದ ಅಂಥ ಆಹಾರಕ್ಕೂ ಹೃದಯ ಹಿಗ್ಗುವ ಕಾಯಿಲೆಗೂ ನಂಟಿರಬಹುದೆಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿತ್ತು. ಅದು ಸಾಬೀತಾಗಿಲ್ಲ, ಆದರೆ ಧಾನ್ಯ ಬಿಡಿಸಿದ್ದರಿಂದ ಸಾಮಾನ್ಯ ನಾಯಿಗೆ ಲಾಭವಾಯಿತೆಂಬುದೂ ಸಾಬೀತಾಗಿಲ್ಲ.

ಮನೆಯಲ್ಲೇ ಬೇಯಿಸುವವರಿಗೆ, ನಮ್ಮ 25 ಕೆಜಿ ನಾಯಿಯ ಒಂದು ದಿನ: ಅನ್ನ 350 ಗ್ರಾಂ, ಚರ್ಮ ತೆಗೆದ ಕೋಳಿ ಮಾಂಸ 200 ಗ್ರಾಂ, ಕೋಳಿ ಲಿವರ್ 25 ಗ್ರಾಂ, ಮೊಟ್ಟೆ ಒಂದು, ಮೊಸರು 100 ಗ್ರಾಂ, ಕುಂಬಳ ಅಥವಾ ಬೀನ್ಸ್ 100 ಗ್ರಾಂ, ಎಣ್ಣೆ ಒಂದೂವರೆ ಟೀ ಚಮಚ. ಎಲ್ಲ ಬೆಂದ ಮೇಲಿನ ತೂಕ. 350 ಗ್ರಾಂ ಅನ್ನಕ್ಕೆ ಅಕ್ಕಿ 120 ಗ್ರಾಂ ಸಾಕು, ಇಲ್ಲಿ ಎಡವಿದವರು ಮೂರು ಪಟ್ಟು ಹಾಕಿಬಿಡುತ್ತಾರೆ. ಮಾಂಸದಲ್ಲಿ ರಂಜಕ ಧಾರಾಳ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನಬಹುದು. ಅದಕ್ಕೆ ಮೊಟ್ಟೆ ಸಿಪ್ಪೆ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ 3 ಗ್ರಾಂ ಬೆರೆಸಿ; ಅದರಿಂದ ಸುಮಾರು 1.1 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಇಷ್ಟಾದರೂ ಸತು, ಅಯೋಡಿನ್, ವಿಟಮಿನ್ ಡಿ, ಇ ಕೊರತೆ ಉಳಿಯುತ್ತದೆ. ಅದಕ್ಕೆ ಪಶುವೈದ್ಯರನ್ನು ಕೇಳಿ ನಾಯಿಯ ಖನಿಜ ಮಿಶ್ರಣ ಸೇರಿಸಲೇಬೇಕು. ಹೊಸ ಊಟಕ್ಕೆ ಬದಲಿಸುವಾಗ ಎರಡು ಮೂರು ದಿನಕ್ಕೊಮ್ಮೆ ಕಾಲು ಭಾಗದಂತೆ ಹೆಚ್ಚಿಸಿ.

ಮಾಂಸ ತರದ ಮನೆಗಳ ಪ್ರಶ್ನೆ ಬಂದೇ ಬರುತ್ತದೆ. ಬೆಕ್ಕಿಗೆ ಸಸ್ಯಾಹಾರ ಹೊಂದುವುದಿಲ್ಲ. ನಾಯಿಗೆ ಹೊಂದಿಸಬಹುದು, ಆದರೆ ಮೊಸರನ್ನದಿಂದಲ್ಲ. ಎರಡು ಮೊಟ್ಟೆ, 100 ಗ್ರಾಂ ಪನೀರು, 40 ಗ್ರಾಂ ಒಣ ಸೋಯಾ ಚಂಕ್ಸ್ ಬೇಯಿಸಿ ಹಾಕಿದರೆ 50 ಗ್ರಾಂ ಪ್ರೋಟೀನು ಸಿಗುತ್ತದೆ. ಮೊಟ್ಟೆಯೂ ಬೇಡ ಎನ್ನುವವರಿಗೆ ಪರಿಪೂರ್ಣವೆಂದು ಬರೆದ ಸಸ್ಯಾಹಾರಿ ಪ್ಯಾಕೆಟ್ಟೇ ಕ್ಷೇಮ.

ಅಡುಗೆಮನೆಯಿಂದ ಏನು ದಾಟಬಾರದು? ಈರುಳ್ಳಿ, ಬೆಳ್ಳುಳ್ಳಿ ಬೆಂದರೂ ಕೆಂಪು ರಕ್ತಕಣ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ, ಹಾಗಾಗಿ ಪಾಯಸದ ಪಾತ್ರೆ ನೆಕ್ಕಿಸಬೇಡಿ. ನಮಗೆ ಹೊಸ ಸುದ್ದಿ ಹುಣಸೆಯದು. ಹುಣಸೆ ತಿಂದ ನಾಯಿಗಳಲ್ಲೂ ಅದೇ ರೀತಿ ಮೂತ್ರಪಿಂಡ ಕೆಟ್ಟದ್ದನ್ನು 2022ರಲ್ಲಿ ವರದಿ ಮಾಡಿದರು. ದ್ರಾಕ್ಷಿ ಹುಣಸೆ ಎರಡರಲ್ಲೂ ಇರುವ ಟಾರ್ಟಾರಿಕ್ ಆಮ್ಲವೇ ಕಾರಣವೆಂಬುದು ಅವರ ವಾದ. ಸಾರನ್ನ, ಹುಳಿಯನ್ನ, ಪುಳಿಯೋಗರೆ ಹಾಕುವ ನಮ್ಮ ರೂಢಿಯನ್ನು ಇದರ ಎದುರು ಇಟ್ಟು ನೋಡಿ. ಸಾರು ಬೆರೆಸುವ ಮೊದಲೇ ನಾಯಿಯ ಪಾಲಿನ ಅನ್ನ ತೆಗೆದಿಡುವುದಕ್ಕೆ ಖರ್ಚೇನೂ ಇಲ್ಲ.

ಕೊನೆಗೆ ತೂಕ. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಜೋಡಿಯಾಗಿ ಸಾಕಿದರು; ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ. ಕಡಿಮೆ ತಿಂದವು ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಸಂಧಿವಾತವೂ ತಡವಾಗಿ ಬಂತು. ಊಟ ಎರಡು ಗುಂಪಿಗೂ ಅದೇ, ಅಳತೆ ಬೇರೆ.

ಮುಧೋಳದ ಕೊನೆಯ ಎರಡು ಮೂರು ಪಕ್ಕೆಲುಬು ಕಂಡರೆ 'ಪಾಪ, ಸೊರಗಿದೆ' ಎಂದು ಪಕ್ಕದ ಮನೆಯವರು ಮರುಗುತ್ತಾರೆ. ಅದಕ್ಕೆ ಅದೇ ಸರಿಯಾದ ಮೈಕಟ್ಟು. ಲ್ಯಾಬ್ರಡಾರ್‌ನ ಪಕ್ಕೆಲುಬು ಕಾಣಬಾರದು, ಕೈಯಾಡಿಸಿದರೆ ಸಿಗಬೇಕು. ತಕ್ಕಡಿಗೆ ಆಸ್ಪತ್ರೆಗೇ ಹೋಗಬೇಕಿಲ್ಲ: ಮನೆಯ ತೂಕದ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಲ್ಲಿ, ಇಳಿಸಿ ಒಬ್ಬರೇ ನಿಲ್ಲಿ, ಕಳೆಯಿರಿ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಊಟಕ್ಕೆ ಮುಂಚೆ, ಕ್ಯಾಲೆಂಡರಿನ ಹಾಳೆಯ ಮೇಲೆ ಬರೆದಿಡಿ. ಎರಡು ಸಲ ಸಾಲಾಗಿ ಏರಿದ್ದರೆ ತಟ್ಟೆಯಿಂದ ಹತ್ತನೇ ಒಂದು ಪಾಲು ತೆಗೆಯಿರಿ. ಕಲಿಸುವ ತುಣುಕನ್ನು ತೆಗೆಯಬೇಡಿ, ಅನ್ನ ತೆಗೆಯಿರಿ.