ಇಲ್ಲಡೆ ಬಲೆ

ಆತ್ಮೀಯರೇ,

"ಮಾತೆರ್ಲಾ ಇಲ್ಲಡೆ ಬಲೆ." ಬೆಂಗಳೂರಿನ ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಿರಿಯ ಅಮ್ಮನೊಬ್ಬರು ಬರೆದಿದ್ದ ಈ ಸಾಲನ್ನು ಅಳಿಸಿದವನು ನಾನು. ಗುಂಪಿನ ಅಡ್ಮಿನ್‌ಗಳಲ್ಲಿ ನಾನೂ ಒಬ್ಬ. ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲೇ ಬರೆಯಬೇಕು ಎಂಬ ನಿಯಮ ನಮ್ಮಲ್ಲಿತ್ತು. ನನ್ನ ಕಣ್ಣಿಗೆ ಬಿದ್ದದ್ದು 'ಇಲ್ಲ' ಮತ್ತು 'ಬಲೆ' ಎಂಬ ಎರಡು ಕನ್ನಡ ಪದಗಳು. ಯಾರೋ ಯಾರನ್ನೋ ಚುಚ್ಚುತ್ತಿದ್ದಾರೆ ಎಂದುಕೊಂಡೆ. ಆದರೆ ಆ ಸಾಲು ತುಳು. ತುಳುವಿನಲ್ಲಿ 'ಇಲ್ಲ್' ಎಂದರೆ ಮನೆ, 'ಬಲೆ' ಎಂದರೆ ಬನ್ನಿ. ಆ ಅಮ್ಮನ ಮನೆಯ ಪೂಜೆ ಎಷ್ಟು ಹೊತ್ತಿಗೆ ಎಂದು ನೆರೆಯ ತುಳು ಮನೆಯವರು ಕೇಳಿದ್ದರು. ಎಲ್ಲರೂ ಮನೆಗೆ ಬನ್ನಿ ಎಂದು ಆ ಅಮ್ಮ ಕರೆದಿದ್ದರು. ಆ ಕರೆಯನ್ನು ನಾನು ಬೈಗುಳವೆಂದು ಅಳಿಸಿಹಾಕಿದೆ.

ಕನ್ನಡ ಲಿಪಿಯಲ್ಲಿರುವುದೆಲ್ಲ ಕನ್ನಡವಲ್ಲ. ತುಳು, ಕೊಡವ, ಬ್ಯಾರಿ, ಮಂಗಳೂರಿನ ಕೊಂಕಣಿ ಎಲ್ಲವೂ ಇದೇ ಲಿಪಿಯಲ್ಲಿ ಬರುತ್ತವೆ. ಲಿಪಿ ನೋಡಿ ಭಾಷೆ ಗುರುತಿಸುವ, ಕನ್ನಡದ ಬೈಗುಳಗಳ ಪಟ್ಟಿ ಹಿಡಿದು ಸೋಸುವ ಯಾವುದೇ ಯಂತ್ರವೂ ನಾನು ಎಡವಿದ ಕಡೆಯೇ ಎಡವುತ್ತದೆ.

2021ರ ಜೂನ್‌ನಲ್ಲಿ ಗೂಗಲ್ ಹುಡುಕಾಟವು ಕನ್ನಡವನ್ನು ಭಾರತದ ಅತ್ಯಂತ ಕುರೂಪಿ ಭಾಷೆ ಎಂದು ತೋರಿಸಿದಾಗ ನಾವೆಲ್ಲ ಸಿಡಿದೆದ್ದೆವು. ಸರ್ಕಾರವೂ ದನಿಗೂಡಿಸಿತು, ಕಂಪನಿ ಕ್ಷಮೆ ಕೇಳಿತು. ಹಾಗೆ ಕ್ಷಮೆ ಕೇಳಿಸುವ ಬಲ ನಮಗಿತ್ತು. 2011ರ ಜನಗಣತಿಯಲ್ಲಿ ಕೊಡವ ತಾಯ್ನುಡಿ ಎಂದವರು 1 ಲಕ್ಷ 13 ಸಾವಿರ ಚಿಲ್ಲರೆ ಮಂದಿ. ಅವರ ಮಾತನ್ನು ಅಳಿಸಿದರೆ ಯಾವ ಕಂಪನಿ ಕ್ಷಮೆ ಕೇಳುತ್ತದೆ? ತುಳುವರು 18 ಲಕ್ಷಕ್ಕೂ ಹೆಚ್ಚು. ಆದರೂ ತುಳು ವಿಕಿಪೀಡಿಯ 2008ರಿಂದ ಎಂಟು ವರ್ಷ ಪ್ರಾಯೋಗಿಕ ಹಂತದಲ್ಲೇ ಇದ್ದು, 2016ರ ಆಗಸ್ಟ್‌ನಲ್ಲಿ ಸ್ವತಂತ್ರ ತಾಣವಾಯಿತು. ಆ ಎಂಟು ವರ್ಷ ಬೇಸರಿಸದೆ ಬರೆದವರಿಗೆ ನಾನು ತಲೆಬಾಗುತ್ತೇನೆ. ಅಲ್ಲಿ ಬೈಗುಳ ಯಾವುದು, ಸಲುಗೆ ಯಾವುದು ಎಂದು ತೀರ್ಮಾನಿಸುವವರು ತುಳು ಬಲ್ಲವರೇ.

ಭಾಷೆ ತಿಳಿಯದವರ ಕಾವಲಿನಿಂದ ಒಳ್ಳೆಯ ಮಾತು ಅಳಿಯುತ್ತದೆ. ಕೆಟ್ಟ ಮಾತು ಉಳಿದುಬಿಡುವುದೂ ಉಂಟು. ಮ್ಯಾನ್ಮಾರ್‌ನಲ್ಲಿ ಅಲ್ಪಸಂಖ್ಯಾತ ರೋಹಿಂಗ್ಯಾ ಮುಸ್ಲಿಮರ ವಿರುದ್ಧ ಬರ್ಮೀಸ್ ಭಾಷೆಯಲ್ಲಿ ದ್ವೇಷ ಹರಿದಾಡುತ್ತಿತ್ತು. 2015ರ ಆರಂಭದಲ್ಲಿ ಫೇಸ್‌ಬುಕ್‌ನಲ್ಲಿ ಅಂಥ ಬರಹಗಳನ್ನು ಪರಿಶೀಲಿಸುತ್ತಿದ್ದವರಲ್ಲಿ ಬರ್ಮೀಸ್ ಬಲ್ಲವರು ಇಬ್ಬರೇ ಎಂದು ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿತು. ಹಿಂಸೆಗೆ ತನ್ನ ವೇದಿಕೆ ಬಳಕೆಯಾಗುವುದನ್ನು ತಡೆಯಲು ಸಾಕಷ್ಟು ಮಾಡಲಿಲ್ಲ ಎಂದು 2018ರಲ್ಲಿ ಫೇಸ್‌ಬುಕ್ ಕಂಪನಿಯೇ ಒಪ್ಪಿಕೊಂಡಿತು. ಅಷ್ಟರಲ್ಲಿ ಲಕ್ಷಾಂತರ ಜನ ಬಾಂಗ್ಲಾದೇಶಕ್ಕೆ ಓಡಿಹೋಗಿದ್ದರು.

ಸಾಮಾನ್ಯ ಭಾಷೆ ಬೇಡವೆಂದು ನಾನು ಹೇಳುತ್ತಿಲ್ಲ. ನಾಳೆ ನೀರು ಬರುವುದಿಲ್ಲ ಎಂಬ ಸೂಚನೆ ಎಲ್ಲರಿಗೂ ತಿಳಿಯಲೇಬೇಕು. ಆದರೆ ಇಬ್ಬರು ನೆರೆಯವರ ಮಾತುಕತೆಗೂ ಅದೇ ಕಟ್ಟಳೆ ಏಕೆ? 'ಎಲ್ಲರಿಗೂ ಅರ್ಥವಾಗುವ ಭಾಷೆ' ಎನ್ನುವಾಗ ಆ 'ಎಲ್ಲರ' ಲೆಕ್ಕದಲ್ಲಿ ಆ ಅಮ್ಮ ಇರಲಿಲ್ಲ. ಇದೇ ಊರಿನ ಎಷ್ಟೋ ಗುಂಪುಗಳಲ್ಲಿ ಇಂಗ್ಲಿಷಿನಲ್ಲಿ ಬರೆಯಿರಿ, ಹಿಂದಿಯಲ್ಲಿ ಬರೆಯಿರಿ ಎಂದು ಕನ್ನಡಿಗರಿಗೆ ಹೇಳುತ್ತಾರೆ. ಆಗ ನಮಗೆ ಉರಿಯುತ್ತದೆ. ಆ ಉರಿ ಗೊತ್ತಿದ್ದೂ ನಾನು ಹೀಗೆ ಮಾಡಿದೆನಲ್ಲ ಎಂಬ ನೋವು ನನ್ನನ್ನು ಬಿಟ್ಟಿಲ್ಲ.

ಕಳೆದ ತಿಂಗಳು ನಿಯಮ ಬದಲಿಸಿದೆವು. ನಿಂದನೆಯನ್ನು ಅಳಿಸುತ್ತೇವೆ, ಭಾಷೆಯನ್ನಲ್ಲ. ಅರ್ಥವಾಗದಿದ್ದರೆ ಮೊದಲು ಬರೆದವರನ್ನೇ ಕೇಳುತ್ತೇವೆ. ಬಲ್ಲ ಇನ್ನೊಬ್ಬರನ್ನು ವಿಚಾರಿಸಿದ ಮೇಲಷ್ಟೇ ಮುಂದಿನ ಮಾತು. ತುಳು ಬಲ್ಲ ಒಬ್ಬರು, ಉರ್ದು ಬಲ್ಲ ಒಬ್ಬರು ಈಗ ಅಡ್ಮಿನ್‌ಗಳಾಗಿದ್ದಾರೆ. ಇದನ್ನು ತಿಳಿಸಲು ನಾನೇ ಆ ಅಮ್ಮನ ಮನೆಗೆ ಹೋದೆ, ತಪ್ಪಾಯಿತು ಎಂದೆ. ಒಳಗೆ ಕರೆದು ಕಾಫಿ ಕೊಟ್ಟರು. ಗುಂಪಿನಲ್ಲಿ ಮಾತ್ರ ಅವರು ಇನ್ನೂ ಏನನ್ನೂ ಬರೆದಿಲ್ಲ.