ಆಫೀಸಿಗೆ ಸೈಕಲ್ಲಾ? ಮೊದಲು ಸ್ಪೀಡ್ ಕಮ್ಮಿ ಮಾಡಿ

ಸೈಕಲ್ಲಲ್ಲಿ ಆಫೀಸಿಗೆ ಹೋಗ್ತೀನಿ ಅಂತ ಹುಮ್ಮಸ್ಸಿನಿಂದ ಹೊರಟವರಲ್ಲಿ ಎಷ್ಟೋ ಜನ ಒಂದೆರಡು ವಾರದಲ್ಲೇ ಕೈ ಬಿಡ್ತಾರೆ. ಕೇಳಿದ್ರೆ "ನಂಗೆ ಸೋಮಾರಿತನ ಜಾಸ್ತಿ" ಅಂತಾರೆ. ಸೋಮಾರಿಗಳು ಬೆಳಗ್ಗೆ ಎದ್ದು ಚಕ್ರಕ್ಕೆ ಗಾಳಿ ಹೊಡೀತಾರಾ? ತಪ್ಪಿದ್ದು ಬೇರೆ ಕಡೆ. ಅವರು ಸೈಕಲ್ಲನ್ನ ಜಿಮ್ ಅಂದ್ಕೊಂಡು ತುಳಿದ್ರು. ಬೆವರಿಳಿಸ್ಕೊಂಡು ಏದುಸಿರು ಬಿಡ್ತಾ ಆಫೀಸು ಮುಟ್ಟಿದ್ರು. ಹಾಗೆ ದಿನಾ ಯಾರಿಂದ ಆಗುತ್ತೆ?

ನನ್ನ ವಾದ ಇಷ್ಟೇ. ಕೆಲಸಕ್ಕೆ ಹೋಗೋ ಸೈಕಲ್ಲು ಒಂದು ವಾಹನ. ಬಸ್ಸು ಹೇಗೋ ಹಾಗೆ. ವ್ಯಾಯಾಮ ಅನ್ನೋ ಮಾತನ್ನ ಸದ್ಯಕ್ಕೆ ಮರೆತುಬಿಡಿ. ಅದು ಆಗೋದಿದ್ರೆ ತಾನಾಗೇ ಆಗುತ್ತೆ.

ಲೆಕ್ಕ ಹಾಕೋಣ. ಮನೆಯಿಂದ ಆಫೀಸಿಗೆ 8 ಕಿ.ಮೀ. ಅಂತಿಟ್ಕೊಳ್ಳಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದ್ರೆ 24 ನಿಮಿಷ. ಮೈಯೆಲ್ಲ ಹಿಂಡಿ 25ರಲ್ಲಿ ಹೋದ್ರೆ 19 ನಿಮಿಷ ಚಿಲ್ಲರೆ. ಉಳಿದಿದ್ದು ಐದು ನಿಮಿಷಕ್ಕಿಂತ ಕಮ್ಮಿ, ಅದೂ ಎರಡು ಸಿಗ್ನಲ್ಲಲ್ಲಿ ಕರಗಿಹೋಗುತ್ತೆ. ಆದ್ರೆ ಗಾಳಿ ಸೀಳೋಕೆ ಪ್ರತಿ ಕ್ಷಣ ಬೇಕಾದ ಶಕ್ತಿ ಮಾತ್ರ ಹೆಚ್ಚುಕಮ್ಮಿ ದುಪ್ಪಟ್ಟಾಯ್ತು. ಯಾಕಂದ್ರೆ ಆ ಶಕ್ತಿ ಏರೋದು ವೇಗದ ಘನದ (ವೇಗ × ವೇಗ × ವೇಗ) ಲೆಕ್ಕದಲ್ಲಿ. ಅದೇ 16 ಕಿ.ಮೀ. ವೇಗಕ್ಕೆ ಇಳಿದ್ರೆ 30 ನಿಮಿಷ ಹಿಡಿಯುತ್ತೆ, ಗಾಳಿಗೆ ಕೊಡೋ ಶಕ್ತಿ 20ರಲ್ಲಿ ಇದ್ದದ್ದರ ಅರ್ಧ. ಇನ್ನೊಂದು ವಿಷಯ: ನಮ್ಮ ಸ್ನಾಯು ಖರ್ಚು ಮಾಡೋ ಶಕ್ತಿಯಲ್ಲಿ ಪೆಡಲಿಗೆ ಮುಟ್ಟೋದು ನೂರಕ್ಕೆ 20ರಿಂದ 25 ಪಾಲು. ಮಿಕ್ಕಿದ್ದೆಲ್ಲ ಶಾಖ. ಆ ಶಾಖಾನೇ ಬೆವರಾಗಿ ಶರ್ಟಿಗೆ ಅಂಟೋದು. ಸವಾರಿಯ ಹೊತ್ತಲ್ಲಿ ಗಾಳಿ ಬೀಸಿ ಬೆವರು ಆರ್ತಾ ಇರುತ್ತೆ, ಇಳಿದು ನಿಂತ ತಕ್ಷಣ ಒಮ್ಮೆಗೇ ಸುರಿಯುತ್ತೆ. ಅದಕ್ಕೇ ಕೊನೆಯ ಒಂದು ಕಿ.ಮೀ. ಇನ್ನೂ ನಿಧಾನಕ್ಕೆ ಬನ್ನಿ. ಬಂದ್ಮೇಲೆ ಹತ್ತು ನಿಮಿಷ ಮೈ ಆರೋಕೆ ಬಿಟ್ಟು, ಆಮೇಲೆ ಬಟ್ಟೆ ಬದಲಾಯಿಸಿ. ಬಿಸಿ ಮೈಮೇಲೆ ಒಣ ಶರ್ಟು ಹಾಕಿದ್ರೆ ಅದೂ ಒದ್ದೆ.

ಹೊಸ ಸೈಕಲ್ ತಗೋಬೇಕಾ? ಮನೇಲಿ ಒಂದಿದ್ರೆ ಬೇಡ. ದುಡ್ಡು ಹಾಕೋದಿದ್ರೆ ಮೊದಲು ಎರಡು ಮಡ್‌ಗಾರ್ಡು, ಒಂದು ಕ್ಯಾರಿಯರ್ರು, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಒಂದು ಹೆಲ್ಮೆಟ್ಟು. ಬ್ಯಾಗು ಬೆನ್ನ ಮೇಲಿದ್ರೆ ಬೆನ್ನಿಗೆ ಗಾಳಿಯಾಡಲ್ಲ. ಅದನ್ನ ಕ್ಯಾರಿಯರ್ ಪಕ್ಕಕ್ಕೆ ನೇತುಹಾಕಿ, ತುಳಿಯೋವಾಗ ಹಿಮ್ಮಡಿ ತಾಗದ ಹಾಗೆ ಹಿಂದಕ್ಕೆ ಸರಿಸಿ. ಹೊಸದನ್ನೇ ತಗೊಳ್ತೀರಿ ಅಂದ್ರೆ 35ರಿಂದ 40 ಮಿ.ಮೀ. ಅಗಲದ ಟೈರು ನೋಡಿ. ರೇಸಿನವರ ತೆಳು ಟೈರು ಗುಂಡಿಗೆ ಬಿದ್ರೆ ರಿಮ್ಮಿಗೆ ಪೆಟ್ಟು. ಇನ್ನು ಅಗ್ಗದ ಸೈಕಲ್ಲಿನ ಮುಂದುಗಡೆ ಇರೋ ಆ ಸ್ಪ್ರಿಂಗ್ ಸಸ್ಪೆನ್ಶನ್ ನೋಡಿ ಮರುಳಾಗಬೇಡಿ. ಅದು ಭಾರ, ಮೇಲಾಗಿ ನೀವು ನಿಂತು ತುಳಿದ್ರೆ ನಿಮ್ಮ ಶಕ್ತೀನೂ ಕುಡಿಯುತ್ತೆ.

ಈಗ ಸೀಟಿನ ಎತ್ತರ. ಹೊಸಬರಲ್ಲಿ ತುಂಬಾ ಜನ ಎಡವೋ ಜಾಗ ಇದೇ. ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರಬೇಕು ಅಂತ ಸೀಟನ್ನ ತಗ್ಗಿಸ್ತಾರೆ. ಆಮೇಲೆ ಮಂಡಿಚಿಪ್ಪಿನ ಮುಂಭಾಗ ನೋಯೋಕೆ ಶುರು. ಸೈಕಲ್ಲು ತಮಗೆ ಆಗಿಬರಲ್ಲ ಅಂತ ತೀರ್ಮಾನ ಮಾಡ್ಬಿಡ್ತಾರೆ. ಸರಿಯಾದ ಎತ್ತರ ಕಂಡುಹಿಡಿಯೋದು ಹೀಗೆ. ಗೋಡೆಗೆ ಒರಗಿ ಸೀಟಿನ ಮೇಲೆ ಕೂತ್ಕೊಳ್ಳಿ. ದಿನಾ ಹಾಕೋ ಶೂನೇ ಹಾಕಿರಿ. ಒಂದು ಪೆಡಲನ್ನ ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರ ಆಗ್ಬೇಕು, ಆದ್ರೆ ಸೊಂಟ ವಾಲಬಾರದು. ಇಷ್ಟಾದ್ರೆ ಪಾದದ ಮುಂಭಾಗದಿಂದ ತುಳಿಯೋವಾಗ ಮಂಡಿ ತಾನಾಗೇ ಒಂಚೂರು ಬಾಗಿರುತ್ತೆ. ತುಳಿಯೋವಾಗ ಸೊಂಟ ಅತ್ತಿತ್ತ ತೂಗ್ತಾ ಇದ್ರೆ, ಇಲ್ಲಾ ಮಂಡಿಯ ಹಿಂಭಾಗ ನೋಯ್ತಾ ಇದ್ರೆ ಸೀಟು ಜಾಸ್ತಿ ಎತ್ತರ ಆಯ್ತು ಅಂತ ಅರ್ಥ. ಒಂದು ಸಲಕ್ಕೆ 5 ಮಿ.ಮೀ.ಗಿಂತ ಹೆಚ್ಚು ಬದಲಾಯಿಸಬೇಡಿ. ಸೀಟಿನ ಕೊಳವೆ ಮೇಲೆ ಒಂದು ಗೆರೆ ಇರುತ್ತೆ, ಅದು ಕಾಣೋಷ್ಟು ಮೇಲಕ್ಕೆ ಎಳೀಲೇಬೇಡಿ, ಕೊಳವೆ ಮುರಿಯುತ್ತೆ. ಹಾಗಾದ್ರೆ ನಿಲ್ಲಿಸೋದು ಹೇಗೆ? ಸೀಟಿಂದ ಮುಂದಕ್ಕೆ ಇಳಿದು ಒಂದು ಕಾಲು ಊರಿ. ಎರಡು ದಿನದಲ್ಲಿ ರೂಢಿಯಾಗುತ್ತೆ. ಅಂಗೈ ಜೋಮು ಹಿಡೀತಾ ಇದ್ರೆ ಸೀಟಿನ ಮೂತಿ ಕೆಳಗೆ ಬಾಗಿದೆಯಾ ನೋಡಿ. ಬಾಗಿದ್ರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈಗೆ ಬರುತ್ತೆ.

ಇನ್ನು ಗಾಳಿ. ಪಂಚರ್ ಆಗದಿದ್ರೂ ಟ್ಯೂಬಿನ ರಬ್ಬರಿನ ಮೂಲಕ ಗಾಳಿ ಸದಾ ನುಸುಳ್ತಾ ಇರುತ್ತೆ. ಅದಕ್ಕೇ ವಾರಕ್ಕೊಮ್ಮೆ ಮೀಟರ್ ಇರೋ ಪಂಪಿನಿಂದ ಹೊಡೀಬೇಕು. ಹೆಬ್ಬೆರಳಲ್ಲಿ ಒತ್ತಿ ನೋಡೋದನ್ನ ನಂಬಬೇಡಿ, 40 ಪಿಎಸ್‌ಐಗೂ (ಪಿಎಸ್‌ಐ ಅಂದ್ರೆ ಗಾಳಿಯ ಒತ್ತಡದ ಅಳತೆ) 60 ಪಿಎಸ್‌ಐಗೂ ಬೆರಳಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯಲ್ಲ. 40 ಮಿ.ಮೀ. ಟೈರಿಗೆ 45ರಿಂದ 55 ಪಿಎಸ್‌ಐ ಹೊಂದುತ್ತೆ. ಮಿತಿ ಎಷ್ಟು ಅಂತ ಟೈರಿನ ಮಗ್ಗುಲಲ್ಲೇ ಅಚ್ಚು ಹಾಕಿರ್ತಾರೆ. ಭಾರ ಹೆಚ್ಚು ಬೀಳೋದು ಹಿಂದಿನ ಚಕ್ರದ ಮೇಲೆ, ಅದಕ್ಕೆ ಐದು ಜಾಸ್ತಿ ಇರ್ಲಿ. ಗಾಳಿ ಕಮ್ಮಿಯಿದ್ದು ಗುಂಡಿಗೆ ಬಿದ್ರೆ ಟ್ಯೂಬು ರಿಮ್ಮಿಗೂ ರಸ್ತೆಗೂ ಮಧ್ಯೆ ಸಿಕ್ಕಿ ಅಕ್ಕಪಕ್ಕ ಎರಡು ತೂತಾಗುತ್ತೆ, ಹಾವು ಕಚ್ಚಿದ ಗುರುತಿನ ಹಾಗೆ. ಹಾಗೆ ಜೋಡಿ ತೂತು ಕಂಡ್ರೆ ಮುಳ್ಳನ್ನ ಬೈಬೇಡಿ, ಪಂಪನ್ನ ಮರೆತ ಕೈಯನ್ನ ಬೈರಿ.

ದಾರೀಲಿ ಪಂಚರ್ ಆದ್ರೆ ಅಲ್ಲೇ ಕೂತು ಪ್ಯಾಚ್ ಹಾಕೋದು ಬೇಡ. ಜೊತೆಗೆ ಒಂದು ಟ್ಯೂಬು, ಎರಡು ಟೈರ್ ಲಿವರ್ರು (ಟೈರಿನ ಅಂಚು ಎಬ್ಬಿಸೋ ಸಣ್ಣ ಪಟ್ಟಿ), ಸಣ್ಣ ಪಂಪು, ಚಕ್ರಕ್ಕೆ ನಟ್ಟಿದ್ರೆ ಸ್ಪ್ಯಾನರು ಇಟ್ಟಿರಿ. ಹೆಚ್ಚಿನ ಸೈಕಲ್ಲಿಗೆ 15 ನಂಬರಿನದ್ದು ಸಾಕು. ಹಿಂದಿನ ಚಕ್ರ ಬಿಚ್ಚೋದಿದ್ರೆ ಮೊದಲು ಚೈನನ್ನ ಅತಿ ಸಣ್ಣ ಹಲ್ಲುಚಕ್ರಕ್ಕೆ ಇಳಿಸಿ. ಟೈರಿನ ಒಂದು ಅಂಚು ಮಾತ್ರ ಎಬ್ಬಿಸಿ ಟ್ಯೂಬು ಎಳೀರಿ. ಹೊಸದು ಹಾಕೋ ಮುಂಚೆ ಟೈರಿನ ಒಳಗಡೆ ಸುತ್ತಲೂ ಬೆರಳಾಡಿಸಿ, ಹುಷಾರಾಗಿ. ಚುಚ್ಚಿದ ಮುಳ್ಳೋ ತಂತಿ ಚೂರೋ ಅಲ್ಲೇ ಉಳಿದಿದ್ರೆ ಹೊಸ ಟ್ಯೂಬಿಗೂ ಅದೇ ಗತಿ. ಟ್ಯೂಬಿಗೆ ಮೊದಲು ಒಂಚೂರು ಗಾಳಿ ತುಂಬಿ ದುಂಡಗೆ ಮಾಡ್ಕೊಂಡು ಒಳಗಿಡಿ, ತಿರುಚಿಕೊಳ್ಳಲ್ಲ. ಅಂಚು ಕೂರಿಸಿದ್ಮೇಲೆ ಸುತ್ತ ಒಮ್ಮೆ ನೋಡಿ, ಟ್ಯೂಬು ಎಲ್ಲಾದ್ರೂ ಇಣುಕ್ತಾ ಇದೆಯಾ ಅಂತ. ಹಳೇ ಟ್ಯೂಬಿಗೆ ಮನೇಲಿ ಪ್ಯಾಚ್ ಹಾಕಿ. ಉಜ್ಜಿ, ಸಲ್ಯೂಷನ್ (ಪ್ಯಾಚಿನ ಅಂಟು) ಹಚ್ಚಿ, ಐದು ನಿಮಿಷ ಕಾಯಿರಿ. ಹಸಿ ಇರೋವಾಗಲೇ ಅಂಟಿಸೋ ಅವಸರದಿಂದಲೇ ಎಷ್ಟೋ ಪ್ಯಾಚು ಕಿತ್ತು ಬರೋದು.

ದಾರಿ ಆರಿಸೋದೂ ಒಂದು ಕಲೆ. ಕಾರಿನ ದಾರಿ ಸೈಕಲ್ಲಿಗೆ ಅಪರೂಪಕ್ಕೆ ಒಗ್ಗುತ್ತೆ. ಸೈಕಲ್ಲು, ಬ್ಯಾಗು, ಸವಾರ ಎಲ್ಲ ಸೇರಿ 85 ಕಿಲೋ ಇದ್ರೆ, 50 ಮೀಟರ್ ಎತ್ತರದ ದಿಬ್ಬ ಹತ್ತೋಕೆ ಬೇಕಾದ ಶಕ್ತೀಲಿ ಸಮತಟ್ಟು ರಸ್ತೆಯಲ್ಲಿ ನಿಧಾನಕ್ಕೆ ಸುಮಾರು 3 ಕಿ.ಮೀ. ಹೋಗಬಹುದು. ಅಂದ್ರೆ ದಿಬ್ಬ ತಪ್ಪಿಸೋಕೆ ಒಂದೂವರೆ ಕಿ.ಮೀ. ಸುತ್ತು ಹಾಕಿದ್ರೂ ಲಾಭವೇ. ರಜಾದಿನ ಒಮ್ಮೆ ಹೋಗಿ ದಾರಿ ನೋಡ್ಕೊಳ್ಳಿ. ಆದ್ರೆ ರಜಾದಿನದ ಸಮಯ ನಂಬಿ ಸೋಮವಾರ ಹೊರಡಬೇಡಿ, ಹದಿನೈದು ನಿಮಿಷ ಸೇರಿಸಿ.

ರಸ್ತೆಯ ಮೇಲೆ ಹೊಸಬರ ದೊಡ್ಡ ಭಯ ಹಿಂದಿನಿಂದ ಬರೋ ಗಾಡಿಯದ್ದು. ಆ ಭಯದಲ್ಲಿ ಅಂಚಿಗೆ ಅಂಟ್ಕೊಂಡು ಹೋಗ್ತಾರೆ, ಅಲ್ಲಿ ಗಾಜಿನ ಚೂರು, ಚರಂಡಿ ಜಾಲರಿ, ಫಟ್ಟಂತ ತೆರೆಯೋ ಕಾರಿನ ಬಾಗಿಲು. ನಿಂತ ಕಾರುಗಳಿಂದ ಒಂದು ಮೀಟರಿಗಿಂತ ಹೆಚ್ಚು ದೂರ ಇರಿ. ಎರಡು ಕಾರಿನ ನಡುವೆ ಜಾಗ ಸಿಕ್ತು ಅಂತ ಒಳಗೆ ನುಗ್ಗಿ ಮತ್ತೆ ಆಚೆ ಬರಬೇಡಿ. ನೇರ ಗೆರೆಯಲ್ಲಿ ಹೋಗೋ ಸೈಕಲ್ಲು ಹಿಂದಿನವರಿಗೆ ಅರ್ಥವಾಗುತ್ತೆ. ಲಾರಿ, ಬಸ್ಸು ತಿರುಗೋ ಮಗ್ಗುಲಿಗಂತೂ ಯಾವತ್ತೂ ತೂರಬೇಡಿ. ಅಲ್ಲಿರೋ ನೀವು ಡ್ರೈವರ್ ಕಣ್ಣಿಗೇ ಬೀಳದೆ ಇರಬಹುದು, ಮತ್ತೆ ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನದ್ದಕ್ಕಿಂತ ಒಳಗೆ ಹಾದುಹೋಗುತ್ತೆ. ಭುಜದ ಮೇಲಿಂದ ಹಿಂತಿರುಗಿ ನೋಡೋವಾಗ ಹ್ಯಾಂಡಲ್ ವಾಲದ ಹಾಗೆ ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ.

ಮಳೆ ಬಂದ್ರೆ ಮೊದಲ ಕೆಲವು ನಿಮಿಷ ಮೋಸದ್ದು. ರಸ್ತೆಯ ಎಣ್ಣೆ, ಧೂಳು ಎರಡೂ ಕಲೆತು ಜಾರುತ್ತೆ. ಬಣ್ಣದ ಪಟ್ಟಿ, ಕಬ್ಬಿಣದ ಮುಚ್ಚಳಗಳ ಮೇಲೆ ಬ್ರೇಕೂ ಹಿಡೀಬೇಡಿ, ತಿರುಗಿಸಲೂಬೇಡಿ. ರಿಮ್ಮಿಗೆ ಕಚ್ಚೋ ಬ್ರೇಕಾದ್ರೆ ಒದ್ದೆಯಲ್ಲಿ ಮೊದಲ ಒಂದೆರಡು ಸುತ್ತು ಹಿಡಿಯೋದೇ ಇಲ್ಲ, ಅದಕ್ಕೆ ಮುಂಚೆಯೇ ಮೆಲ್ಲಗೆ ಒತ್ತಿ ನೀರು ಒರೆಸ್ಕೊಳ್ಳಿ. ಮನೆಗೆ ಬಂದ್ಮೇಲೆ ಚೈನು ಒರೆಸಿ, ಒಣಗಿಸಿ, ಒಂದೊಂದು ಕೊಂಡಿಗೆ ಒಂದೊಂದು ತೊಟ್ಟು ಎಣ್ಣೆ ಬಿಡಿ. ಆಮೇಲೆ ಹೊರಗಿನ ಎಣ್ಣೆಯೆಲ್ಲ ಒರೆಸಿ ತೆಗೀರಿ, ಎಣ್ಣೆ ಬೇಕಾದ್ದು ಕೊಂಡಿಯ ಒಳಗೆ. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಎಣ್ಣೆ ಹಾಕಿದೆ ಅಂದ್ಕೊಳ್ಳೋರು ಇದ್ದಾರೆ. ಅದು ಇದ್ದ ಎಣ್ಣೆಯನ್ನೂ ತೊಳೆದುಬಿಡುತ್ತೆ.

ಬೀಗವನ್ನ ಚಕ್ರಕ್ಕೆ ಮಾತ್ರ ಹಾಕಿದ್ರೆ ಸಂಜೆ ಉಳಿಯೋದು ಚಕ್ರ ಮಾತ್ರ. ಫ್ರೇಮನ್ನೂ ಹಿಂದಿನ ಚಕ್ರವನ್ನೂ ಸೇರಿಸಿ, ಕೀಳಲಾಗದ ಕಂಬಕ್ಕೆ ಬಿಗೀರಿ.

ಮೊದಲ ತಿಂಗಳು ವಾರಕ್ಕೆ ಎರಡು ದಿನ ಸಾಕು. ಬಿಟ್ಟ ದಿನಗಳಲ್ಲಿ ಬೇರೆ ಗಾಡಿಯಲ್ಲಿ ಬರೋವಾಗ ಪ್ಯಾಂಟು, ಶೂ, ಟವೆಲ್ಲು ತಂದು ಆಫೀಸಲ್ಲೇ ಇಡಬಹುದು, ಸೈಕಲ್ ದಿನ ಬ್ಯಾಗು ಹಗುರ. ಹೊಸ ಸೈಕಲ್ಲಾದ್ರೆ ಮೂರ್ನಾಲ್ಕು ವಾರಕ್ಕೆ ಗೇರು ಟಕಟಕ ಅನ್ನೋಕೆ, ತಾನೇ ಹಾರೋಕೆ ಶುರು ಮಾಡುತ್ತೆ. ಕೆಟ್ಟುಹೋಯ್ತು ಅಂತ ಗಾಬರಿ ಬೇಡ, ಕೇಬಲ್ಲು ತನ್ನ ಜಾಗದಲ್ಲಿ ಕೂತು ಸಡಿಲ ಆಗಿದೆ ಅಷ್ಟೇ. ಹಿಂದಿನ ಗೇರಿಗೆ ಕೇಬಲ್ಲು ಸೇರೋ ಕಡೆ ಕೈಯಲ್ಲೇ ತಿರುಗಿಸೋ ಸಣ್ಣ ಗುಬಟೆ ಇರುತ್ತೆ. ಅದನ್ನ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಅರ್ಧ ಸುತ್ತು ತಿರುಗಿಸಿ, ಪೆಡಲು ತಿರುವಿ ಕೇಳಿ. ಇನ್ನೂ ಟಕಟಕ ಅಂದ್ರೆ ಇನ್ನೊಂದು ಕಾಲು ಸುತ್ತು.